ಒಂದು ಗ್ರಾಂ ಪುಡಿಯಲ್ಲಿ ಎಷ್ಟು ಸೆಂಟ್ಸ್ ಜಾಗ?

(ಮಂಗಳೂರಿನಲ್ಲಿ ಪದವಿ ವಿದ್ಯಾರ್ಥಿಗಳು, ವಿಜ್ಞಾನ ಶಿಕ್ಷಕರು ಮತ್ತು ಆಸಕ್ತ ಸಾರ್ವಜನಿಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಹಲಗೆಯ ಮೇಲೆ ಬರೆದು ತೋರಿಸಿದ ಲೆಕ್ಕಗಳನ್ನು ಇಲ್ಲಿ ಮಾತಿನಲ್ಲಿ ಬಿಡಿಸಿ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ಸಣ್ಣ ಬಾಟಲಿಯಲ್ಲಿರುವುದು ತೆಂಗಿನ ಗೆರಟೆ ಸುಟ್ಟು ಮಾಡಿದ ಸಕ್ರಿಯ ಇಂಗಾಲ, ಅಂದರೆ ಆ್ಯಕ್ಟಿವೇಟೆಡ್ ಕಾರ್ಬನ್. ನಿಮ್ಮ ಮನೆಯ ನೀರಿನ ಫಿಲ್ಟರಿನೊಳಗೆ ಇರುವ ಕಪ್ಪು ಹರಳು ಇದೇ. ಬಾಟಲಿಯಲ್ಲಿ ಇರುವುದು ಬರೀ ಒಂದು ಗ್ರಾಂ. ಅದರ ಮೇಲ್ಮೈ ವಿಸ್ತೀರ್ಣ ಸುಮಾರು 1000 ಚದರ ಮೀಟರ್. ನಮ್ಮ ಜಿಲ್ಲೆಯ ಜಾಗದ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 25 ಸೆಂಟ್ಸ್. ಮನೆ ಕಟ್ಟಿ, ಬಾವಿ ತೋಡಿ, ಸುತ್ತ ನಾಲ್ಕು ತೆಂಗಿನಮರ ಹಾಕಿದರೂ ಜಾಗ ಉಳಿಯುತ್ತದೆ.

ಈ ಸಂಖ್ಯೆ ಕೇಳಿದಾಗ ಆಶ್ಚರ್ಯವಾಗುವುದು ಸಹಜ. ನನ್ನ ಪ್ರಕಾರ ಅದಕ್ಕಿಂತ ದೊಡ್ಡ ಆಶ್ಚರ್ಯ, ಇದನ್ನು ಅಳೆಯಲು ಸಾಧ್ಯವಾಗಿರುವುದು. ಟೇಪು ಹಿಡಿಯುವಂತಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹೊರಗಿನ ಒರಟು ಕಾಣುತ್ತದೆಯೇ ಹೊರತು ಒಳಗಿನ ಸುರಂಗಗಳ ಒಟ್ಟು ಲೆಕ್ಕ ಸಿಗುವುದಿಲ್ಲ. ಹಾಗಾದರೆ ಈ 1000 ಎಲ್ಲಿಂದ ಬಂತು? ಯಾರು ಅಳೆದರು, ಯಾವುದರಿಂದ ಅಳೆದರು? ಇವತ್ತಿನ ಮಾತೆಲ್ಲ ಇದರ ಸುತ್ತಲೇ. ಮೇಲ್ಮೈ ವಿಸ್ತೀರ್ಣದ ಸಂಖ್ಯೆಯನ್ನು ಅದನ್ನು ಅಳೆದ ಅನಿಲದಿಂದ, ಅಳೆಯುವ ಮೊದಲು ಪುಡಿಯನ್ನು ಸಿದ್ಧಮಾಡಿದ ರೀತಿಯಿಂದ ಬೇರೆ ಮಾಡಿ ಹೇಳಲು ಬರುವುದಿಲ್ಲ. ಇದಿಷ್ಟು ನಿಮಗೆ ಮನವರಿಕೆಯಾದರೆ ನಾನು ಬಂದ ಕೆಲಸ ಆಯಿತು.

ಮೊದಲು ಒಂದು ಸರಳ ಲೆಕ್ಕ. ಒಂದು ಸೆಂಟಿಮೀಟರ್ ಬದಿಯ ಘನ ತೆಗೆದುಕೊಳ್ಳಿ. ಆರು ಮುಖ, 6 ಚದರ ಸೆಂಟಿಮೀಟರ್. ಅದನ್ನೇ ಒಂದು ಮಿಲಿಮೀಟರಿನ ಘನಗಳಾಗಿ ಕತ್ತರಿಸಿದರೆ ಸಾವಿರ ತುಂಡು, 60 ಚದರ ಸೆಂಟಿಮೀಟರ್. ಒಂದು ಮೈಕ್ರಾನಿಗೆ ಇಳಿಸಿದರೆ 6 ಚದರ ಮೀಟರ್. ಹತ್ತು ನ್ಯಾನೋಮೀಟರಿಗೆ ಇಳಿಸಿದರೆ 600 ಚದರ ಮೀಟರ್. ವಸ್ತು ಅಷ್ಟೇ, ಒಂದು ಗುಲಗಂಜಿಯೂ ಹೆಚ್ಚಾಗಿಲ್ಲ. ಬದಿ ಹತ್ತು ಪಟ್ಟು ಕಿರಿದಾದಾಗ ಒಟ್ಟು ಮೇಲ್ಮೈ ಹತ್ತು ಪಟ್ಟು ಹಿಗ್ಗುತ್ತದೆ. ಆದರೆ ಗೆರಟೆಯ ಇಂಗಾಲದ ಹರಳು ಮಿಲಿಮೀಟರ್ ಗಾತ್ರದ್ದು. ಅದನ್ನು ಯಾರೂ ಅಷ್ಟು ನುಣ್ಣಗೆ ಅರೆದಿಲ್ಲ. ಅದರ ಮೇಲ್ಮೈ ಇರುವುದೆಲ್ಲ ಒಳಗೆ, ಎರಡು ನ್ಯಾನೋಮೀಟರಿಗಿಂತಲೂ ಕಿರಿದಾದ ರಂಧ್ರಗಳ ಗೋಡೆಗಳಲ್ಲಿ.

ಇದೆಲ್ಲ ಯಾರಿಗೆ ಬೇಕು ಎಂದು ಕೇಳಬಹುದು. ದೂರ ಹೋಗಬೇಕಾಗಿಲ್ಲ. ಪಣಂಬೂರಿನ ಗೊಬ್ಬರ ಕಾರ್ಖಾನೆಯಲ್ಲಿ ಅಮೋನಿಯ ತಯಾರಾಗುವುದು ಕಬ್ಬಿಣದ ವೇಗವರ್ಧಕದ ಮೇಲ್ಮೈಯಲ್ಲಿ. ಅಲ್ಲೇ ಹತ್ತಿರದ ತೈಲ ಶುದ್ಧೀಕರಣಾಗಾರದಲ್ಲಿ ಕಚ್ಚಾ ತೈಲದ ಭಾರೀ ಅಣುಗಳು ಒಡೆಯುವುದು ಜಿಯೋಲೈಟ್ ಎಂಬ ಕಿರು ರಂಧ್ರಗಳ ಖನಿಜ ಇರುವ ವೇಗವರ್ಧಕದ ರಂಧ್ರಗಳಲ್ಲಿ. ಮಣಿಪಾಲದ ಫಾರ್ಮಸಿ ವಿದ್ಯಾರ್ಥಿಗಳಿಗೆ ಮೆಗ್ನೀಸಿಯಂ ಸ್ಟಿಯರೇಟ್ ಗೊತ್ತು. ಮಾತ್ರೆ ಅಚ್ಚಿಗೆ ಅಂಟದಿರಲಿ ಎಂದು ಸೇರಿಸುವ ಪುಡಿ ಅದು. ಅದರ ಮೇಲ್ಮೈ ವಿಸ್ತೀರ್ಣ ಬದಲಾದರೆ, ತೂಕ ಒಂದೇ ಇದ್ದರೂ, ಮಾತ್ರೆಯ ಕಣಗಳನ್ನು ಅದು ಮೆತ್ತಿಕೊಳ್ಳುವ ಪ್ರಮಾಣ ಬದಲಾಗುತ್ತದೆ, ಮಾತ್ರೆ ಕರಗುವ ವೇಗವೂ ಬದಲಾಗುತ್ತದೆ. ಇನ್ನು ನಮ್ಮ ಕೆಂಪುಮಣ್ಣು. ಅಡಿಕೆ ತೋಟಕ್ಕೆ ಹಾಕಿದ ರಂಜಕ ಗಿಡಕ್ಕೆ ಸಿಗದೆ ಮಣ್ಣಿನಲ್ಲೇ ಕಚ್ಚಿಕೊಳ್ಳುತ್ತದೆ ಎಂದು ಕೃಷಿಕರು ಹೇಳುತ್ತಾರಲ್ಲ, ಅದಕ್ಕೂ ಮುರಕಲ್ಲು ಮಣ್ಣಿನಲ್ಲಿರುವ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳ ಅತಿ ನುಣುಪಾದ ಕಣಗಳ ಮೇಲ್ಮೈಯೇ ಕಾರಣ.

ಈಗ ಅಳೆಯುವ ಉಪಾಯಕ್ಕೆ ಬರೋಣ. ಅಡಿಕೆ ಒಣಗಿಸುವ ಅಂಗಳವನ್ನು ನೆನಪಿಸಿಕೊಳ್ಳಿ. ಅಂಗಳದ ಉದ್ದಗಲ ಗೊತ್ತಿಲ್ಲ ಅಂತಿಟ್ಟುಕೊಳ್ಳೋಣ. ಅಡಿಕೆಯನ್ನು ಒಂದರ ಮೇಲೊಂದು ಬಾರದ ಹಾಗೆ, ಒತ್ತೊತ್ತಾಗಿ, ಒಂದೇ ಪದರವಾಗಿ ಹರವಿದರೆ, ಎಷ್ಟು ಅಡಿಕೆ ಹಿಡಿಯಿತು ಎಂದು ಎಣಿಸಿ, ಒಂದು ಅಡಿಕೆಗೆ ಬೇಕಾದ ಜಾಗದಿಂದ ಗುಣಿಸಿದರೆ ಅಂಗಳದ ವಿಸ್ತೀರ್ಣ ಸಿಕ್ಕಿತು. ಪುಡಿಯ ವಿಷಯದಲ್ಲೂ ಮಾಡುವುದು ಇದನ್ನೇ, ಅಡಿಕೆಯ ಜಾಗದಲ್ಲಿ ಸಾರಜನಕದ ಅಣು ಇರುತ್ತದೆ ಅಷ್ಟೆ. ಒಂದು ಸಾರಜನಕ ಅಣು 0.162 ಚದರ ನ್ಯಾನೋಮೀಟರ್ ಜಾಗ ಹಿಡಿಯುತ್ತದೆ ಎಂದು ಒಪ್ಪಿಕೊಂಡಿದ್ದಾರೆ. ಪ್ರಮಾಣಿತ ಉಷ್ಣತೆ (ಸೊನ್ನೆ ಡಿಗ್ರಿ) ಮತ್ತು ಒತ್ತಡಕ್ಕೆ ಪರಿವರ್ತಿಸಿದ ಒಂದು ಘನ ಸೆಂಟಿಮೀಟರ್ ಸಾರಜನಕದಲ್ಲಿರುವ ಅಣುಗಳನ್ನೆಲ್ಲ ಒಂದೇ ಪದರವಾಗಿ ಹರವಿದರೆ 4.35 ಚದರ ಮೀಟರ್ ಮುಚ್ಚುತ್ತದೆ. ಹಾಗಾಗಿ ಒಂದು ಗ್ರಾಂ ಇಂಗಾಲ ಒಂದು ಪದರಕ್ಕೆ 230 ಘನ ಸೆಂಟಿಮೀಟರ್ ಸಾರಜನಕ ಹಿಡಿದರೆ ವಿಸ್ತೀರ್ಣ 1000 ಚದರ ಮೀಟರ್.

ಕೇಳಲು ಸುಲಭ. ಕಷ್ಟ ಇರುವುದು 'ಒಂದೇ ಪದರ' ಎಂಬಲ್ಲಿ. ಅಣುಗಳು ಅಂಗಳ ಪೂರ್ತಿ ತುಂಬುವವರೆಗೆ ಕಾಯುವುದಿಲ್ಲ. ಒಂದು ಮೂಲೆ ಖಾಲಿ ಇರುವಾಗಲೇ ಇನ್ನೊಂದು ಮೂಲೆಯಲ್ಲಿ ರಾಶಿ ಬೀಳುತ್ತದೆ. ಮೊದಲ ಪದರ ಯಾವಾಗ ಮುಗಿಯಿತು ಎಂದು ಹೊರಗೆ ನಿಂತವರು ಹೇಗೆ ಹೇಳುವುದು?

ಇರ್ವಿಂಗ್ ಲ್ಯಾಂಗ್‌ಮ್ಯೂರ್ 1918ರ ಹೊತ್ತಿಗೆ ಒಂದೇ ಪದರದ ಸಿದ್ಧಾಂತವನ್ನು ಕೊಟ್ಟಿದ್ದರು. 1932ರ ರಸಾಯನಶಾಸ್ತ್ರದ ನೊಬೆಲ್ ಅವರಿಗೆ ಬಂದದ್ದು ಮೇಲ್ಮೈ ರಸಾಯನಶಾಸ್ತ್ರದ ಕೆಲಸಕ್ಕೇ. ಆದರೆ ರಾಶಿ ಬೀಳುವ ಪ್ರಶ್ನೆ ಹಾಗೆಯೇ ಉಳಿದಿತ್ತು. ಅದನ್ನು ಬಿಡಿಸಿದ ಕಥೆ ನನಗೆ ಬಹಳ ಇಷ್ಟ, ಏಕೆಂದರೆ ಅದು ಹುಟ್ಟಿದ್ದು ಗೊಬ್ಬರದ ಚಿಂತೆಯಿಂದ. ವಾಷಿಂಗ್ಟನ್ನಿನ ಸರ್ಕಾರಿ ಸಾರಜನಕ ಪ್ರಯೋಗಾಲಯದಲ್ಲಿ ಪಾಲ್ ಎಮ್ಮೆಟ್ ಮತ್ತು ಸ್ಟೀಫನ್ ಬ್ರುನೌರ್ ಅಮೋನಿಯ ತಯಾರಿಕೆಯ ಕಬ್ಬಿಣದ ವೇಗವರ್ಧಕಗಳ ಮೇಲೆ ಕೆಲಸ ಮಾಡುತ್ತಿದ್ದರು. ಒಂದು ವೇಗವರ್ಧಕ ಇನ್ನೊಂದಕ್ಕಿಂತ ಚುರುಕು ಯಾಕೆ? ಅದರ ಮೇಲ್ಮೈ ದೊಡ್ಡದೆಂದೋ, ಮೇಲ್ಮೈಯ ಗುಣವೇ ಬೇರೆಯೆಂದೋ? ವಿಸ್ತೀರ್ಣ ಅಳೆಯದೆ ಈ ಪ್ರಶ್ನೆಗೆ ಉತ್ತರ ಇಲ್ಲ. ಅವರು ಸಾರಜನಕ, ಆರ್ಗಾನ್ ಮುಂತಾದ ಅನಿಲಗಳನ್ನು ಅವುಗಳ ಕುದಿಬಿಂದುವಿನ ಆಸುಪಾಸಿನ ತಣ್ಪಿನಲ್ಲಿ ವೇಗವರ್ಧಕಕ್ಕೆ ಉಣಿಸಿ, ಒತ್ತಡ ಏರಿದ ಹಾಗೆ ಎಷ್ಟು ಅನಿಲ ಹಿಡಿಯುತ್ತದೆ ಎಂದು ಗೆರೆ ಎಳೆದರು. ಗೆರೆ ಮೊದಲು ಸರ್ರನೆ ಏರುತ್ತದೆ, ಆಮೇಲೆ ಬಾಗಿ ಸ್ವಲ್ಪ ದೂರ ನೇರವಾಗಿ ಓಡುತ್ತದೆ, ಕೊನೆಗೆ ಮತ್ತೆ ಮೇಲಕ್ಕೆ ಹಾರುತ್ತದೆ. ನೇರ ಭಾಗ ಶುರುವಾಗುವ ಜಾಗದಲ್ಲಿ ಮೊದಲ ಪದರ ಮುಗಿದಿರಬೇಕು ಎಂದು ಅವರು ಊಹಿಸಿದರು. ಊಹೆ ಚೆನ್ನಾಗಿಯೇ ಕೂಡಿಬಂತು, ಆದರೆ ಅದಕ್ಕೆ ಸಿದ್ಧಾಂತದ ಬುಡ ಇರಲಿಲ್ಲ.

ಬುಡ ಕಟ್ಟಿಕೊಟ್ಟವರು ಎಡ್ವರ್ಡ್ ಟೆಲ್ಲರ್. ಹೌದು, ಮುಂದೆ ಹೈಡ್ರೋಜನ್ ಬಾಂಬಿನ ಹೆಸರಿನೊಂದಿಗೆ ಅಂಟಿಕೊಂಡ ಅದೇ ಟೆಲ್ಲರ್. ಆಗ ವಾಷಿಂಗ್ಟನ್ನಿನಲ್ಲೇ ಪ್ರಾಧ್ಯಾಪಕರಾಗಿದ್ದರು. ಬ್ರುನೌರ್ ಅವರಂತೆ ಇವರೂ ಹಂಗೇರಿಯಿಂದ ಬಂದವರು. ಮೂವರೂ ಸೇರಿ 1938ರಲ್ಲಿ ಅಮೆರಿಕನ್ ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದಿಂದ ಬಂದದ್ದೇ ಬಿಇಟಿ ಸಮೀಕರಣ. ಮೂವರ ಹೆಸರಿನ ಮೊದಲ ಅಕ್ಷರಗಳು. ಇವತ್ತು ಸುರತ್ಕಲ್ಲಿನಲ್ಲೋ ಕೊಣಾಜೆಯಲ್ಲೋ ಸಂಶೋಧನೆ ಮಾಡುವ ಹುಡುಗ ಹುಡುಗಿಯರು 'ಸ್ಯಾಂಪಲ್ಲಿಗೆ ಬಿಇಟಿ ಮಾಡಿಸಬೇಕು' ಎನ್ನುವಾಗ ಈ ಮೂವರನ್ನೇ ನೆನೆಯುತ್ತಿರುತ್ತಾರೆ.

ಅವರ ತರ್ಕ ಹೀಗೆ. ಮೊದಲ ಪದರದ ಅಣು ಕೂರುವುದು ಘನದ ಮೇಲೆ. ಅದರ ಹಿಡಿತ ಬಿಗಿ. ಎರಡನೆಯ ಪದರದಿಂದ ಮೇಲಕ್ಕೆ ಅಣು ಕೂರುವುದು ತನ್ನಂಥದೇ ಅಣುವಿನ ಮೇಲೆ. ಅಲ್ಲಿನ ಹಿಡಿತ ದ್ರವದೊಳಗಿನ ಹಿಡಿತದಷ್ಟೇ. ಈ ಎರಡು ಹಿಡಿತಗಳ ವ್ಯತ್ಯಾಸವನ್ನು 'ಸಿ' ಎಂಬ ಒಂದು ಸ್ಥಿರಾಂಕದಲ್ಲಿ ಕಟ್ಟಿಟ್ಟರೆ, ಮಾಪನದ ಅಂಕಿಗಳನ್ನು ಒಂದು ಸರಳರೇಖೆಯ ಮೇಲೆ ಕೂರಿಸಬಹುದು. ಆ ರೇಖೆಯ ಇಳಿಜಾರನ್ನೂ ಅದು ಲಂಬ ಅಕ್ಷವನ್ನು ಕಡಿಯುವ ಬೆಲೆಯನ್ನೂ ಕೂಡಿಸಿ, ಆ ಮೊತ್ತದಿಂದ ಒಂದನ್ನು ಭಾಗಿಸಿದರೆ ಮೊದಲ ಪದರಕ್ಕೆ ಬೇಕಾದ ಅನಿಲದ ಪ್ರಮಾಣ ಕೈಗೆ ಸಿಗುತ್ತದೆ. ರಾಶಿ ಬಿದ್ದಿದ್ದರೂ, ಒಂದೇ ಪದರ ಹರವಿದ್ದರೆ ಎಷ್ಟು ಬೇಕಾಗುತ್ತಿತ್ತು ಎಂಬುದು ಲೆಕ್ಕದಿಂದ ಹೊರಬರುತ್ತದೆ. ಸಾಮಾನ್ಯ ಪುಡಿಗಳಲ್ಲಿ ಈ ರೇಖೆ ನೇರವಾಗಿ ಓಡುವುದು ಸಾಪೇಕ್ಷ ಒತ್ತಡ 0.05ರಿಂದ 0.30ರ ನಡುವೆ. ಆ ತಣ್ಪಿನಲ್ಲಿ ಅನಿಲ ದ್ರವವಾಗಲು ಬೇಕಾದ ಒತ್ತಡವನ್ನು 1 ಎಂದುಕೊಂಡು ಉಳಿದದ್ದನ್ನು ಅದರ ಭಾಗವಾಗಿ ಹೇಳುವುದೇ ಸಾಪೇಕ್ಷ ಒತ್ತಡ.

ಈ ಉಪಾಯದಿಂದ ಅಮೋನಿಯದ ಪ್ರಶ್ನೆಗೂ ಬೆಳಕು ಬಿತ್ತು. ಕಬ್ಬಿಣಕ್ಕೆ ಅತಿ ಸ್ವಲ್ಪ ಅಲ್ಯೂಮಿನ, ಪೊಟ್ಯಾಷ್ ಸೇರಿಸಿರುತ್ತಾರೆ. ತೂಕದಲ್ಲಿ ಕೆಲವೇ ಶೇಕಡ ಇರುವ ಈ ಪದಾರ್ಥಗಳು ಮೇಲ್ಮೈಯ ದೊಡ್ಡ ಪಾಲನ್ನು ಆಕ್ರಮಿಸಿರುತ್ತವೆ ಎಂದು ಎಮ್ಮೆಟ್ ಮತ್ತು ಬ್ರುನೌರ್ ತೋರಿಸಿದರು. ಒಟ್ಟು ವಿಸ್ತೀರ್ಣ ಸಾರಜನಕದಿಂದ, ಬರೀ ಕಬ್ಬಿಣದ ಪಾಲು ಅದಕ್ಕೆ ಮಾತ್ರ ಅಂಟುವ ಕಾರ್ಬನ್ ಮಾನಾಕ್ಸೈಡಿನಿಂದ. ಎರಡು ಅನಿಲ ಎರಡು ಬೇರೆ ಉತ್ತರ ಕೊಟ್ಟವು, ಎರಡೂ ಬೇಕಾಗಿದ್ದವು.

ಪ್ರಯೋಗಾಲಯದಲ್ಲಿ ಇದು ನಡೆಯುವುದು ಹೇಗೆ ಎಂದು ಸ್ವಲ್ಪ ಹತ್ತಿರದಿಂದ ನೋಡೋಣ. ಉದ್ದ ಕತ್ತಿನ, ತಳದಲ್ಲಿ ಸಣ್ಣ ಗುಳ್ಳೆ ಇರುವ ಗಾಜಿನ ನಳಿಕೆ. ಅದನ್ನು ಖಾಲಿ ತೂಗುತ್ತೇವೆ. ಪುಡಿ ಹಾಕುತ್ತೇವೆ. ಆಮೇಲೆ ಬಿಸಿ ಮಾಡುತ್ತ ನಿರ್ವಾತ ಎಳೆಯುತ್ತೇವೆ, ಪುಡಿಗೆ ಮೊದಲೇ ಅಂಟಿದ ನೀರು, ಗಾಳಿ ಎಲ್ಲ ಹೋಗಲಿ ಎಂದು. ಇದಕ್ಕೆ ಡೀಗ್ಯಾಸಿಂಗ್ ಎನ್ನುತ್ತೇವೆ. ನಿರ್ವಾತದ ಕವಾಟವನ್ನು ಒಮ್ಮೆಲೇ ತೆರೆದರೆ ನುಣುಪು ಪುಡಿ ಬುಗ್ಗನೆ ಎದ್ದು ಕತ್ತಿನವರೆಗೆ ಹಾರುತ್ತದೆ. ಬೆರಳ ತುದಿಯಲ್ಲಿ ಕೂದಲೆಳೆಯಷ್ಟೇ ತಿರುಗಿಸುತ್ತ, ಪುಡಿ ಅಲುಗುತ್ತದೆಯೇ ಎಂದು ಕಣ್ಣಿಟ್ಟು ನಿಲ್ಲಬೇಕು. ಇಂಗಾಲವಾದರೆ 300 ಡಿಗ್ರಿ, ರಾತ್ರಿಯಿಡೀ ಬಿಟ್ಟರೂ ತಡೆಯುತ್ತದೆ. ಮೆಗ್ನೀಸಿಯಂ ಸ್ಟಿಯರೇಟನ್ನು ಹಾಗೆ ಕಾಸಿದರೆ ಕರಗಿಹೋಗುತ್ತದೆ. ಅದಕ್ಕೆ 40 ಡಿಗ್ರಿಯ ಆಸುಪಾಸೇ ಸಾಕು. ಪುಡಿಯ ಸ್ವಭಾವ ತಿಳಿಯದೆ ಎಲ್ಲಕ್ಕೂ ಒಂದೇ ಬಿಸಿ ಕೊಡುವುದೆಂದರೆ ಅಳೆಯುವ ಮೊದಲೇ ವಸ್ತುವನ್ನು ಬದಲಾಯಿಸಿದ ಹಾಗೆ.

ನಮ್ಮ ಕರಾವಳಿಯಲ್ಲಿ ಈ ಹಂತಕ್ಕೆ ಇನ್ನೂ ಹೆಚ್ಚಿನ ಗಮನ ಬೇಕು. ಮಳೆಗಾಲದ ಆಟಿ ತಿಂಗಳ ತೇವದ ಗಾಳಿಯಲ್ಲಿ ಬಾಟಲಿಯ ಮುಚ್ಚಳ ತೆರೆದಿಟ್ಟರೆ ಸಕ್ರಿಯ ಇಂಗಾಲ ನೀರು ಹೀರುತ್ತ ಹೋಗುತ್ತದೆ. ಒಂದು ಗ್ರಾಂ ಎಂದು ತೂಗಿದ್ದರಲ್ಲಿ 0.2 ಗ್ರಾಂ ನೀರೇ ಇದ್ದರೆ, ಆ ತೂಕದಿಂದಲೇ ಭಾಗಿಸಿದಾಗ 1000 ಬರಬೇಕಾದದ್ದು 800 ಎಂದು ಬರುತ್ತದೆ. ಅದಕ್ಕೇ ಡೀಗ್ಯಾಸಿಂಗ್ ಆದ ಮೇಲೆ ನಳಿಕೆಯನ್ನು ಮತ್ತೆ ತೂಗಿ, ಖಾಲಿ ನಳಿಕೆಯ ತೂಕ ಕಳೆದು, ಆ ಒಣ ತೂಕವನ್ನೇ ಲೆಕ್ಕಕ್ಕೆ ಹಿಡಿಯಬೇಕು. ವರದಿಯಲ್ಲಿ ಎಷ್ಟು ಡಿಗ್ರಿ, ಎಷ್ಟು ಗಂಟೆ ಎಂದು ಬರೆಯದಿದ್ದರೆ ಆ ವರದಿ ಅರ್ಧ ಮಾತ್ರ ಎಂದು ನಾನು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತಲೇ ಇರುತ್ತೇನೆ.

ನಂತರ ಗುಳ್ಳೆಯನ್ನು ದ್ರವ ಸಾರಜನಕದಲ್ಲಿ ಮುಳುಗಿಸುತ್ತೇವೆ, ಮೈನಸ್ 196 ಡಿಗ್ರಿ. ಹೀಲಿಯಂ ಬಿಟ್ಟು ನಳಿಕೆಯಲ್ಲಿ ಉಳಿದಿರುವ ಖಾಲಿ ಜಾಗವನ್ನು ಅಳೆಯುತ್ತೇವೆ. ಹೀಲಿಯಂ ಪುಡಿಗೆ ಅಂಟುವುದು ಬಹುಮಟ್ಟಿಗೆ ಇಲ್ಲ. ಆಮೇಲೆ ಗೊತ್ತಿರುವ ಗಾತ್ರದ ಕೋಣೆಯಿಂದ ಗೊತ್ತಿರುವ ಒತ್ತಡದ ಸಾರಜನಕವನ್ನು ಒಂದೊಂದೇ ಗುಟುಕು ಬಿಡುತ್ತೇವೆ. ಪ್ರತಿ ಗುಟುಕಿಗೂ ಒತ್ತಡ ಇಳಿದು ನಿಲ್ಲುವವರೆಗೆ ಕಾಯುತ್ತೇವೆ. ಬಿಟ್ಟದ್ದೆಷ್ಟು, ಅನಿಲವಾಗಿ ಉಳಿದದ್ದೆಷ್ಟು, ಇವೆರಡರ ವ್ಯತ್ಯಾಸ ಪುಡಿ ಹಿಡಿದದ್ದು. ದ್ರವ ಸಾರಜನಕದ ಪಾತ್ರೆ ತೆರೆದಿಟ್ಟಷ್ಟೂ ಗಾಳಿಯ ತೇವ ಅದರೊಳಗೆ ಮಂಜಾಗಿ ಸೇರುತ್ತದೆ, ಆಮ್ಲಜನಕವೂ ಕರಗಿ ದ್ರವದ ಉಷ್ಣತೆ ಚೂರು ಏರುತ್ತದೆ. ಆದ್ದರಿಂದ ದ್ರವವಾಗುವ ಒತ್ತಡವನ್ನು ಪುಸ್ತಕ ನೋಡಿ ಬರೆಯುವ ಬದಲು ಪಕ್ಕದಲ್ಲೇ ಇನ್ನೊಂದು ನಳಿಕೆ ಇಳಿಸಿ ಅಳೆಯುವುದು ಒಳ್ಳೆಯದು. ಒಂದು ಲೀಟರ್ ದ್ರವ ಸಾರಜನಕ ಆವಿಯಾದರೆ ಸುಮಾರು 700 ಲೀಟರ್ ಅನಿಲವಾಗುತ್ತದೆ. ಕಿಟಕಿ ಮುಚ್ಚಿದ ಸಣ್ಣ ಕೋಣೆಯಲ್ಲಿ ಈ ಕೆಲಸ ಮಾಡಲೇಬಾರದು.

ಈಗ ನಾನು ಮೊದಲೇ ಹೇಳಿದ ವಿಷಯಕ್ಕೆ ಬರುತ್ತೇನೆ. ಅಳೆಯುವ ಉಪಾಯ ಬದಲಾದರೆ ಸಂಖ್ಯೆ ಬದಲಾಗುತ್ತದೆ. ಕುದುರೆಮುಖದ ಅದಿರು ನುಣ್ಣಗೆ ಪುಡಿಯಾಗಿ, ನೀರಿನಲ್ಲಿ ಬೆರೆತು, 67 ಕಿಲೋಮೀಟರ್ ಕೊಳವೆಯಲ್ಲಿ ಪಣಂಬೂರಿಗೆ ಹರಿದು ಬರುತ್ತಿದ್ದ ಕಾಲ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. 2005ರ ಕೊನೆಗೆ ಗಣಿ ನಿಂತಿತು. ಅಂಥ ಪುಡಿಯಿಂದ ಗಟ್ಟಿ ಉಂಡೆ ಕಟ್ಟಬೇಕಾದರೆ ಅದು ಎಷ್ಟು ನುಣುಪು ಎಂದು ತಿಳಿಯಬೇಕು. ಪೆಲೆಟ್ ಉದ್ಯಮದಲ್ಲೂ ಸಿಮೆಂಟಿನಲ್ಲೂ ಅದಕ್ಕೆ ಬಳಸುವುದು ಬ್ಲೇನ್ ವಿಧಾನ, 1940ರ ದಶಕದಲ್ಲಿ ಬಂದದ್ದು. ಒತ್ತಿ ತುಂಬಿದ ಪುಡಿಯ ಮೂಲಕ ಗಾಳಿ ಎಷ್ಟು ಹೊತ್ತಿನಲ್ಲಿ ನುಸುಳುತ್ತದೆ ಎಂದು ನೋಡುತ್ತಾರೆ. ಕೆಲವೇ ನಿಮಿಷದ ಕೆಲಸ, ದ್ರವ ಸಾರಜನಕ ಬೇಡ. ಸಾಮಾನ್ಯ ಪೋರ್ಟ್‌ಲೆಂಡ್ ಸಿಮೆಂಟಿಗೆ ಭಾರತೀಯ ಮಾನಕ ಕೇಳುವುದು ಕಿಲೋಗೆ ಕನಿಷ್ಠ 225 ಚದರ ಮೀಟರ್. ಅದೇ ಸಿಮೆಂಟನ್ನು ಸಾರಜನಕದಿಂದ ಅಳೆದರೆ ಇದಕ್ಕಿಂತ ಹಲವು ಪಟ್ಟು ಹೆಚ್ಚು ಬರುತ್ತದೆ. ಯಾವುದೂ ಸುಳ್ಳಲ್ಲ. ಹರಿಯುವ ಗಾಳಿ ಕಣದ ಹೊರ ಅಂಚನ್ನು ಬಳಸಿಕೊಂಡು ಹೋಗುತ್ತದೆ. ಸಾರಜನಕದ ಅಣು ಬಿರುಕಿನೊಳಗೂ ಇಳಿಯುತ್ತದೆ.

ಜೇಡಿಮಣ್ಣಿನಲ್ಲಿ ಇದು ಇನ್ನೂ ಸ್ಪಷ್ಟ. ಮಾಂಟ್‌ಮೊರಿಲೊನೈಟ್ ಎಂಬ ಊದಿಕೊಳ್ಳುವ ಜೇಡಿ ಇದೆ, ಬಯಲುಸೀಮೆಯ ಕಪ್ಪುಮಣ್ಣಿನ ಮುಖ್ಯ ಅಂಶ. ಅದರ ಹಾಳೆಗಳನ್ನೆಲ್ಲ ಲೆಕ್ಕ ಹಾಕಿದರೆ ಗ್ರಾಮಿಗೆ 750 ಚದರ ಮೀಟರಿನ ಆಸುಪಾಸು. ಒಣ ಮಣ್ಣನ್ನು ಸಾರಜನಕದಿಂದ ಅಳೆದರೆ ಅದರ ಹತ್ತನೇ ಒಂದು ಭಾಗ ಬಂದರೆ ಹೆಚ್ಚು, ಏಕೆಂದರೆ ಒಣಗಿದಾಗ ಹಾಳೆಗಳು ಒಂದಕ್ಕೊಂದು ಅಂಟಿಕೊಂಡು ಸಾರಜನಕವನ್ನು ಒಳಗೆ ಬಿಡುವುದಿಲ್ಲ. ನೀರು ಮಾತ್ರ ಹಾಳೆಗಳನ್ನು ಬಿಡಿಸಿಕೊಂಡು ಒಳಹೋಗುತ್ತದೆ. ನಮ್ಮ ಕೆಂಪುಮಣ್ಣಿನಲ್ಲಿ ಹೆಚ್ಚಾಗಿರುವ ಕಯೋಲಿನೈಟ್ ಊದಿಕೊಳ್ಳುವ ಜಾತಿಯದಲ್ಲ. ಅಲ್ಲಿ ಇಷ್ಟು ದೊಡ್ಡ ಅಂತರ ಇಲ್ಲ.

ಸಾರಜನಕಕ್ಕೂ ತನ್ನದೇ ಪಕ್ಷಪಾತ ಉಂಟು. ಅದರ ಅಣು ಉರುಟಾಗಿಲ್ಲ, ವಿದ್ಯುದಂಶ ಅದರಲ್ಲಿ ಸಮನಾಗಿ ಹಂಚಿಲ್ಲ. ಹೈಡ್ರಾಕ್ಸಿಲ್ (ಆಮ್ಲಜನಕ-ಜಲಜನಕದ ಜೋಡಿ) ಗುಂಪುಗಳಿರುವ ಆಕ್ಸೈಡಿನ ಮೇಲೆ ಅದು ಒಂದು ಭಂಗಿಯಲ್ಲಿ ಕೂರುತ್ತದೆ, ಇಂಗಾಲದ ಮೇಲೆ ಇನ್ನೊಂದು ಭಂಗಿಯಲ್ಲಿ. ಹಾಗಾಗಿ 0.162 ಎಂಬ ಬೆಲೆಯೇ ಅಲುಗಾಡುತ್ತದೆ. ಕಿರು ರಂಧ್ರಗಳಿರುವ ವಸ್ತುಗಳಿಗೆ 87 ಕೆಲ್ವಿನ್ನಿನಲ್ಲಿ ಆರ್ಗಾನ್ ಬಳಸುವುದು ಉತ್ತಮ ಎಂದು ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಪಿಎಸಿ 2015ರಲ್ಲಿ ಸಲಹೆ ಕೊಟ್ಟದ್ದು ಇದೇ ಕಾರಣಕ್ಕೆ. ತೀರಾ ಕಡಿಮೆ ಮೇಲ್ಮೈ ಇರುವ ಪುಡಿಗಳಿಗೆ ಕ್ರಿಪ್ಟಾನ್ ಹೆಚ್ಚು ಸೂಕ್ತ.

ಇನ್ನೊಂದು ಎಚ್ಚರಿಕೆಯನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಗ್ರಾಫೀನಿನ, ಅಂದರೆ ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆಯ, ಎರಡೂ ಬದಿ ಲೆಕ್ಕ ಹಾಕಿದರೆ ಗ್ರಾಮಿಗೆ ಸುಮಾರು 2630 ಚದರ ಮೀಟರ್. ಆದರೂ 3000 ದಾಟಿದ ಇಂಗಾಲಗಳ ವರದಿಗಳು ಉಂಟು. ಕಿರಿದಾದ ರಂಧ್ರದಲ್ಲಿ ಎದುರುಬದಿರಿನ ಗೋಡೆಗಳ ಸೆಳೆತ ಸೇರಿ ರಂಧ್ರವೇ ಅಣುಗಳಿಂದ ತುಂಬಿಬಿಡುತ್ತದೆ. ತುಂಬಿದ್ದನ್ನು ಹರವಿದ್ದು ಎಂದು ಲೆಕ್ಕ ಹಾಕಿದಾಗ ಇಂಥ ಸಂಖ್ಯೆ ಬರಬಹುದು. 2025ರ ರಸಾಯನಶಾಸ್ತ್ರದ ನೊಬೆಲ್ ಪಡೆದ ಲೋಹ-ಸಾವಯವ ಚೌಕಟ್ಟುಗಳಲ್ಲಿ (ಲೋಹದ ಗಂಟುಗಳನ್ನು ಸಾವಯವ ಕೊಂಡಿಗಳು ಜೋಡಿಸಿದ ರಂಧ್ರಮಯ ಹರಳುಗಳು) ಗ್ರಾಮಿಗೆ 7000ದಷ್ಟು ವರದಿಯಾಗಿದೆ. ಅದ್ಭುತ ವಸ್ತುಗಳು, ನನಗೆ ಅವುಗಳ ಮೇಲೆ ಅಪಾರ ಗೌರವ. ಆದರೆ ಅಲ್ಲಿ ಬಿಇಟಿ ಸಂಖ್ಯೆಯನ್ನು ತೋರಿಕೆಯ ವಿಸ್ತೀರ್ಣ ಎಂದೇ ಓದಬೇಕು. ಕೆಲವು ವರ್ಷಗಳ ಹಿಂದೆ ಒಂದೇ ಮಾಪನದ ಅಂಕಿಗಳನ್ನು ಜಗತ್ತಿನ ಹತ್ತಾರು ಪ್ರಯೋಗಾಲಯಗಳಿಗೆ ಕೊಟ್ಟು ವಿಸ್ತೀರ್ಣ ಲೆಕ್ಕ ಹಾಕಲು ಹೇಳಿದರು. ಉತ್ತರಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಅಳತೆ ಒಂದೇ, ಸರಳರೇಖೆಗೆ ಯಾವ ಬಿಂದುಗಳನ್ನು ಆರಿಸುವುದು ಎಂಬಲ್ಲಿ ಎಲ್ಲರೂ ಬೇರೆಬೇರೆ. ಅದಕ್ಕೇ ವರದಿ ಕೈಗೆ ಬಂದಾಗ ಕೊನೆಯ ಸಾಲಿನ ಸಂಖ್ಯೆಯನ್ನು ಮಾತ್ರ ನೋಡಬೇಡಿ. ಪೂರ್ತಿ ಗೆರೆಯನ್ನು ಕೇಳಿ ಪಡೆಯಿರಿ. 'ಸಿ' ಸ್ಥಿರಾಂಕ ಋಣವಾಗಿ ಬಂದಿದ್ದರೆ ಆರಿಸಿದ ಬಿಂದುಗಳು ತಪ್ಪು, ಆ ಲೆಕ್ಕವನ್ನು ಬದಿಗಿಡಿ.

ಮಾತು ಮುಗಿದ ಮೇಲೆ ಸಭೆಯಿಂದ ಬಂದ ಒಂದು ಪ್ರಶ್ನೆಗೆ ಕೊಟ್ಟ ಉತ್ತರವನ್ನೂ ಇಲ್ಲಿ ಸೇರಿಸುತ್ತೇನೆ, ಏಕೆಂದರೆ ಇದು ನಮ್ಮ ಭಾಗದ ಹಲವರಿಗೆ ಬೇಕಾಗಬಹುದು. ಅಡಿಕೆ ಸಿಪ್ಪೆಯನ್ನು ಗಾಳಿಯಾಡದ ಡಬ್ಬದಲ್ಲಿ ಸುಟ್ಟು ಮಾಡಿದ ಮಸಿಯನ್ನು ಸಾರಜನಕದಿಂದ ಅಳೆಸಿದಾಗ ಗ್ರಾಮಿಗೆ ಹತ್ತು ಚದರ ಮೀಟರೂ ಬರಲಿಲ್ಲ, ಇದರಿಂದ ನೀರು ಶುದ್ಧ ಮಾಡುವ ಇಂಗಾಲ ಆಗುವುದೇ ಇಲ್ಲವೇ ಎಂದು ಒಬ್ಬರು ಕೇಳಿದರು. ಬರೀ ಸುಟ್ಟ ಮಸಿಯಲ್ಲಿ ರಂಧ್ರಗಳ ಬಾಯಿ ಬಹಳ ಇಕ್ಕಟ್ಟು. ಮೈನಸ್ 196 ಡಿಗ್ರಿಯ ತಣ್ಪಿನಲ್ಲಿ ಸಾರಜನಕದ ಚಲನೆ ಎಷ್ಟು ನಿಧಾನವೆಂದರೆ ಗಂಟೆಗಟ್ಟಲೆ ಕಾದರೂ ಅದು ಒಳಗೆ ಹೋಗಿ ಮುಗಿಯುವುದಿಲ್ಲ. ಯಂತ್ರ ಅದನ್ನು ಮೇಲ್ಮೈ ಇಲ್ಲ ಎಂದು ಓದುತ್ತದೆ. ಅದೇ ಮಸಿಯನ್ನು ಮಂಜುಗಡ್ಡೆ ಕರಗುವ ಸೊನ್ನೆ ಡಿಗ್ರಿಯಲ್ಲಿ ಇಂಗಾಲದ ಡೈಆಕ್ಸೈಡಿನಿಂದ ಅಳೆಯಬೇಕು. ಆ ಉಷ್ಣತೆಯಲ್ಲಿ ಅಣು ಚುರುಕಾಗಿ ಓಡಾಡಿ ಒಳಗಿನ ಕಿರು ರಂಧ್ರಗಳನ್ನು ತಲಪುತ್ತದೆ, ಸಂಖ್ಯೆ ನೂರುಗಳಲ್ಲಿ ಬಂದರೂ ಆಶ್ಚರ್ಯವಿಲ್ಲ. ಹಾಗೆಂದು ನೀರಿನಲ್ಲಿರುವ ಬಣ್ಣದ ದೊಡ್ಡ ಅಣು ಆ ಬಾಯಿಯಲ್ಲಿ ನುಗ್ಗಲಾರದು. ಅದಕ್ಕೆ ಬಿಸಿ ಉಗಿಯಲ್ಲಿ ಮಸಿಯನ್ನು ಸಕ್ರಿಯಗೊಳಿಸಿ ಬಾಯಿ ಅಗಲ ಮಾಡಬೇಕು, ಆಮೇಲೆ ಮತ್ತೊಮ್ಮೆ ಸಾರಜನಕದಿಂದ ಅಳೆಸಬೇಕು. ಎರಡೂ ಅಳತೆಗಳನ್ನು ಅನಿಲದ ಹೆಸರು, ಉಷ್ಣತೆ, ಡೀಗ್ಯಾಸಿಂಗ್ ವಿವರದೊಂದಿಗೆ ಬರೆದು ತಂದರೆ ಮುಂದಿನ ಮಾತು ಆಡಬಹುದು ಎಂದು ಅವರಿಗೆ ಹೇಳಿದೆ.